ಮೇಲೇಳದ ಗುಮ್ಮಟ

ರಿಚರ್ಡ್ಸ್ ಟೌನಿನ ಟೀಚರಮ್ಮನ ಹಿತ್ತಲಲ್ಲಿ ಗಿಡಗಳಿಗೊಂದು ಪುಟ್ಟ ಗುಮ್ಮಟ ಬೇಕಿತ್ತು, ಬರೀ ಪೈಪಿನ ತ್ರಿಕೋನಗಳದ್ದು. ಊರಲ್ಲಿ ನಾನು ಹಾಕಿದ ಚಪ್ಪರ ಯಾವ ಗಾಳಿಗೂ ಅಲುಗಿದ್ದಿಲ್ಲ, ಇದೇನು ಮಹಾ ಅಂತ ಒಪ್ಪಿಕೊಂಡೆ.

ಎರಡು ದಿನ ಕೂಡಿಸಿದರೂ ಅದು ಚಾಪೆಯ ಹಾಗೆ ನೆಲದ ಮೇಲೇ ಮಲಗಿತ್ತು. “ಸಂಜೆಗೆ ಏಳದಿದ್ರೆ ಬಿಚ್ಕೊಂಡು ಹೋಗಪ್ಪಾ” ಅಂದುಬಿಟ್ಟರು ಟೀಚರಮ್ಮ. ಬೆಂಗಳೂರಲ್ಲಿ ಅದು ನನ್ನ ಮೊದಲ ಕೆಲಸ.

ಅಷ್ಟರಲ್ಲಿ ಗುಮ್ಮಟದ ಹೊದಿಕೆಗೆ ಅಳತೆ ತಗೊಳ್ಳೋಕೆ ಶಿವಾಜಿನಗರದ ಟೋಪಿ ಹೊಲಿಯುವ ಸಾಬರು ಬಂದರು. ಆರು ತ್ರಿಕೋನ ಸೇರಿದ್ದ ನಡುಗಂಟನ್ನು ನೋಡಿ, “ಇಲ್ಲಿ ಕಲಿ ತಮ್ಮಾ, ಕಲಿ” ಅಂದರು.

ನನಗೆ ರೇಗಿತು. “ನಾನೇನ್ರೀ ಕಲಿಯೋದು? ಎಲ್ಲಾ ಕಲಿತೇ ಬಂದಿದ್ದೀನಿ!”

“ಅರೇ, ಆ ಕಲಿ ಅಲ್ಲಪ್ಪಾ!” ಅಂತ ನಗುತ್ತಾ ತಲೆಯ ಟೋಪಿ ತೆಗೆದು ತೋರಿಸಿದರು. ಹೊಲಿಗೆಯವರ ಮಾತಲ್ಲಿ ಬಟ್ಟೆಯ ತ್ರಿಕೋನ ತುಂಡಿಗೆ ಕಲಿ ಅನ್ನುತ್ತಾರಂತೆ. “ನೀನು ಆರು ಕಲಿ ಹಾಕಿ ಚಪ್ಪಟೆ ಕರ್ಚೀಫು ಮಾಡಿದ್ದೀಯ. ಒಂದು ತೆಗಿ, ಟೋಪಿ ಆಗ್ತದೆ.”

ನೆತ್ತಿಯಿಂದ ಒಂದು ಕಲಿ ಬಿಚ್ಚಿ ಐದನ್ನೇ ಬಿಗಿದೆ. ನೆತ್ತಿ ತಾನಾಗಿ ಎದ್ದು ಕೂತಿತು! ಸುತ್ತ ಐದು ಕಡೆ ಹಾಗೇ ಮಾಡಿದೆವು, ಸಾಬರೂ ಪೈಪು ಹಿಡಿದರು. ಸಂಜೆಗೆ ಗುಮ್ಮಟ ನಿಂತಿತ್ತು.

ಈಗ ಇಂದಿರಾನಗರದವರೆಗೂ ನನ್ನ ಗುಮ್ಮಟಗಳಿವೆ, ನನ್ನಷ್ಟು ಚೆನ್ನಾಗಿ ಕಟ್ಟೋರು ಇನ್ನೂ ಹುಟ್ಟಿಲ್ಲ. ಆದರೂ ನೆತ್ತಿ ಬಿಗಿಯುವಾಗಲೆಲ್ಲ ಸಾಬರಿಗೆ ಮನಸ್ಸಲ್ಲೇ ಕೈಮುಗಿಯುತ್ತೇನೆ. ಬೆಂಗಳೂರಲ್ಲಿ ಟೋಪಿ ಹಾಕ್ತಾರೆ ಅಂತ ಊರಲ್ಲಿ ಹೆದರಿಸಿದ್ದರು. ಹಾಕಿದರು ನೋಡಿ, ಅದರಿಂದಲೇ ಬದುಕಿಕೊಂಡೆ.