ಕಿರಿಯವಳ ಗಂಟೆ

ಟಿಣ್. ಸ್ವಲ್ಪ ಹೊತ್ತು ಬಿಟ್ಟು, ಟಿಣ್ ಟಿಣ್. ಪಕ್ಕದ ಬೀದಿಯಲ್ಲಿ ಓರಗಿತ್ತಿಯ ಕೈಗಾಡಿಯ ಗಂಟೆ ಕೇಳಿದರೆ ಸಾಕು, ಹಿರಿಯವಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು.

ಇಬ್ಬರೂ ಒಂದೇ ಮನೆಯ ಸೊಸೆಯಂದಿರು. ಇಬ್ಬರದೂ ಮನೆಮನೆಯ ಕಸ ಎತ್ತುವ ಕೆಲಸ. ಪುರಸಭೆ ಕಸಕ್ಕೆ ದರ ಕಟ್ಟಿದ ಮೇಲೆ ಮಾತ್ರ ಅವರ ಹಣೆಬರಹ ಬೇರೆಬೇರೆಯಾಯಿತು. ಬೆರಕೆ ಕಸಕ್ಕೆ ಮನೆಯವರು ಚೀಲಕ್ಕಿಷ್ಟು ಎಂದು ಶುಲ್ಕ ಕಟ್ಟಬೇಕು. ಬಿಡಿಸಿಟ್ಟ ಒಣಕಸಕ್ಕೆ ಏನೂ ಇಲ್ಲ; ಅದನ್ನು ಮಾರಿ ಬಂದದ್ದು ಎತ್ತಿದವಳಿಗೆ. ಹಿರಿಯವಳ ಬೀದಿಯವರು ಬಲು ಜಾಣರು. ಎರಡು ಚೀಲದ ಕಸವನ್ನು ಕಾಲಲ್ಲಿ ತುಳಿದು ಒಂದಕ್ಕೇ ತುಂಬುವರು. ರಟ್ಟು, ಬಾಟಲಿಗಳನ್ನು ತಾವೇ ಗುಜರಿಗೆ ಹಾಕುವರು. ಅವಳಿಗೆ ಉಳಿಯುತ್ತಿದ್ದುದು ಕಲ್ಲಿನಂಥ ಚೀಲ, ಕಿತ್ತುಹೋಗುವ ಸೊಂಟ. ಕಿರಿಯವಳೋ ಸಂಜೆ ಗುಜರಿ ಅಂಗಡಿಯಿಂದ ಹಾಡು ಗುನುಗುತ್ತ ಬರುವಳು. ಚಪ್ಪಲಿಯ ಜೊತೆ ಆ ಹಾಡನ್ನೂ ಹೊರಗೆ ಬಿಟ್ಟು ಬರಬಾರದೇ ಎಂದುಕೊಳ್ಳುವಳು ಹಿರಿಯವಳು.

“ಆ ಬೀದಿ ನಂಗೆ ಕೊಡಿ, ನೋವು ತಡೆಯೋಕಾಗ್ತಿಲ್ಲ,” ಎಂದು ಮೇಸ್ತ್ರಿಯನ್ನು ಕೇಳಿದಳು.

“ನೋವು ಸೊಂಟಕ್ಕೋ, ಹೊಟ್ಟೆಗೋ?” ಎಂದ ಅವನು. ಆದರೂ ಬೀದಿ ಬದಲಿಸಿಕೊಟ್ಟ. ಕಿರಿಯವಳು ಹೂಂ ಎಂದು ಹಿರಿಯವಳ ಬೀದಿಗೆ ಗಾಡಿ ತಿರುಗಿಸಿದಳು. ಜಗಳವಾಡಿದ್ದರೆ ಗೆದ್ದ ಹಾಗಾದರೂ ಆಗುತ್ತಿತ್ತು.

ಹೊಸ ಬೀದಿಯಲ್ಲಿ ಹಿರಿಯವಳು ತನ್ನ ಗಂಟೆಯನ್ನು ಜೋರಾಗಿ ಅಲ್ಲಾಡಿಸಿದಳು. ಒಂದು ಬಾಗಿಲೂ ತೆರೆಯಲಿಲ್ಲ. ಬಹಳ ಹೊತ್ತಾದ ಮೇಲೆ ಮಹಡಿಯಿಂದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

“ನೀನಾ? ಐಸ್‌ಕ್ರೀಮಿನವನು ಅಂದ್ಕೊಂಡೆ. ನಮ್ಮ ಹುಡುಗಿ ಎಲ್ಲಿ? ಅವಳಿಗೇಂತ ಬಾಟ್ಲಿ ತೊಳೆದಿಟ್ಟಿದೀನಿ.”

ಬಾಟಲಿ ಕೆಳಗಿಳಿಯಲಿಲ್ಲ. ಉಳಿದವರು ಎಣ್ಣೆ ಡಬ್ಬಿ, ರಟ್ಟು ಎಲ್ಲವನ್ನೂ ಒಟ್ಟಿಗೆ ಸುರಿದು ಒಳಗೆ ಹೋದರು. ಸಂಜೆ ಗುಜರಿಯವನು ಎಣ್ಣೆ ಹತ್ತಿದ ರಟ್ಟನ್ನು ಮೂಸಿ ಹಿಂದಕ್ಕೆ ತಳ್ಳಿದ. “ಇದು ಮಾಲಲ್ಲಮ್ಮ, ಕಸ. ತಗೊಂಡ್ರೆ ಹೂಳೋ ಖರ್ಚು ನನ್ನ ತಲೆಗೆ ಬರುತ್ತೆ.”

ಅಷ್ಟರಲ್ಲಿ ಕಿರಿಯವಳ ಗಾಡಿ ಬಂತು. ಗಾಡಿಯ ತುಂಬ ಒಪ್ಪವಾಗಿ ಕಟ್ಟಿದ ರಟ್ಟು.

“ಅದು... ನನ್ನ ಬೀದೀದಾ?”

“ಹೂಂ ಅಕ್ಕ. ಮೂಲೆಮನೆ ಆಂಟಿಗೆ ಮಂಡಿನೋವಂತೆ, ಗುಜರಿ ತನಕ ಹೊರೋಕಾಗಲ್ವಂತೆ. ನಾನೇ ಇಳಿಸಿಕೊಂಡು ಬಂದೆ. ನೋಡ್ತಾ ನೋಡ್ತಾ ಪಕ್ಕದೋರೂ ಕೊಟ್ರು.”

ಆ ಆಂಟಿ ಕುಂಟುವುದನ್ನು ಹಿರಿಯವಳು ದಿನಾ ನೋಡಿದ್ದಳು. ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಕಿರಿಯವಳು ತನ್ನ ಗಾಡಿಯಿಂದ ಗಂಟೆ ಬಿಚ್ಚಿ ಮುಂದೆ ಚಾಚಿದಳು. “ಇದನ್ನ ತಗೊಳ್ಳಿ ಅಕ್ಕ. ಆ ಬೀದಿಯೋರಿಗೆ ಈ ಸದ್ದೇ ರೂಢಿ. ಮಹಡಿ ಅಜ್ಜಿಗೆ ಮೊದ್ಲು ಒಂದ್ಸಲ ಬಾರ್ಸಿ. ಮೆಟ್ಲಿಳಿಯೋಕೆ ಹೊತ್ತು ಬೇಕು ಅವರಿಗೆ. ಆಮೇಲೆ ಎರಡು...”

ಜಗಳಕ್ಕಿಂತ ಈ ಕೊಡುಗೈ ಹೆಚ್ಚು ಸುಟ್ಟಿತು. ಆದರೆ ಬೆಳಗಾದರೆ ಅದೇ ಬೀದಿಗೆ ಹೋಗಬೇಕು. ಹಿರಿಯವಳು ಮುಖ ನೋಡದೆ ಗಂಟೆ ಕಿತ್ತುಕೊಂಡಳು, ಸದ್ದಾಗದಂತೆ ಅದರ ನಾಲಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಆಮೇಲೆ ಕೊನೆಮನೆಯೋರು ಇದಾರಲ್ಲ ಅಕ್ಕ, ಅವರು...” ಕಿರಿಯವಳು ಇನ್ನೂ ಹೇಳುತ್ತಲೇ ಇದ್ದಳು. ಹಿರಿಯವಳು ಗಾಡಿ ತಳ್ಳಿಕೊಂಡು ನಡೆದುಬಿಟ್ಟಳು.