ಅಣ್ಣನ ಬೆನ್ನು ತಣ್ಣಗಾದ ಮಧ್ಯಾಹ್ನ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ಪುಸ್ತಕ ಹಿಡಿದು ಎದ್ದುಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ದಿನ ನನ್ನ ಕೈಗೆ ತಾಗಿದ್ದನ್ನು ತಾಗಲಿಲ್ಲವೆಂದೂ ಹೇಳಲಾರೆ.

ಎಂಬತ್ತರ ದಶಕದ ಮಾತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ನಾಲ್ಕು ದಿನದ ರಜೆಗೆ ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿಗೆ ಬಂದಿದ್ದೆ. ಹುಣಸೆ ಬಡಿಯುವ ಕಾಲ. ಅಣ್ಣ ವೆಂಕಟೇಶ ಮರದ ಮೇಲಿದ್ದ. ಅವ್ವ, ನಾನು ಕೆಳಗೆ ಹಣ್ಣು ಆರಿಸುತ್ತಿದ್ದೆವು.

“ಓದಿ ಓದಿ ಕಣ್ಣು ಓಗವೆ ಕಣವ್ವ ಇವಳ್ಗೆ. ಕಾಲ ಕೆಳಗಿರೋ ಹಣ್ಣೇ ಕಾಣಾಕಿಲ್ಲ!” ಎಂದು ಮೇಲಿನಿಂದ ರೇಗಿಸಿ ನಕ್ಕ. ನಗು ಮುಗಿಯುವ ಮೊದಲೇ ಕೊಂಬೆ ಮುರಿಯಿತು.

ಅಂಗಾತ ಬಿದ್ದಿದ್ದ. ರಕ್ತವಿರಲಿಲ್ಲ. ಎಚ್ಚರವಾಗಿಯೇ ಇದ್ದ. “ನನ್ನ ಕಾಲು ಎಲ್ಲವೆ ಅಮ್ಮಣ್ಣಿ?” ಎಂದು ನನ್ನನ್ನು ಕೇಳಿದಾಗ ಅರ್ಥವಾಯಿತು. ಬೆನ್ನುಹುರಿಗೆ ಪೆಟ್ಟಾಗಿತ್ತು. ಅವನನ್ನು ಅಲುಗಿಸಬೇಡಿ ಎಂದೆ. ಅಪ್ಪ ವಾಹನ ಹುಡುಕಲು ಸೈಕಲ್ಲಿನಲ್ಲಿ ಕ್ಯಾಸಂಬಳ್ಳಿಗೆ ಹೋದರು. ಬರಲು ಎರಡು ಗಂಟೆಗೂ ಮೇಲಾಯಿತು.

ಕೆಲವು ವಾರಗಳ ಹಿಂದಷ್ಟೇ ಗ್ರಂಥಾಲಯದಲ್ಲಿ ಒಂದು ಲೇಖನ ಓದಿದ್ದೆ. ಬೆನ್ನುಹುರಿ ಜಜ್ಜಿದ ಪ್ರಾಣಿಗಳಿಗೆ ಮೊದಲ ಕೆಲವು ಗಂಟೆಯೊಳಗೆ ಆ ಜಾಗವನ್ನು ತಂಪು ಮಾಡಿದರೆ ಬಾವು ತಗ್ಗಿ ಒಂದಿಷ್ಟು ನರಕೋಶಗಳು ಉಳಿಯಬಹುದು ಎಂದಿತ್ತು. ಮಂಜುಗಡ್ಡೆ ಬೇಕೆಂದರೆ ಬಂಗಾರಪೇಟೆಯ ಐಸ್‌ಕ್ಯಾಂಡಿ ಕಾರ್ಖಾನೆಗೆ ಹೋಗಬೇಕು. ಯಾರು ಹೋಗುವುದು, ಯಾವುದರಲ್ಲಿ ಹೋಗುವುದು? ನಾನು ಓದಿದ್ದನ್ನು ಯಾರಿಗೂ ಹೇಳಲಿಲ್ಲ.

ಗಾಯವಿದೆಯೇ ನೋಡೋಣವೆಂದು ಅವನ ಬೆನ್ನಿನಡಿ ಮೆಲ್ಲಗೆ ಅಂಗೈ ತೂರಿಸಿದೆ. ತಣ್ಣಗಿತ್ತು. ಮಡಕೆಯ ನೀರಿನ ತಂಪಲ್ಲ, ಬೆರಳು ಮರಗಟ್ಟುವ ತಂಪು. ಬೆನ್ನುಮೂಳೆಯ ಉದ್ದಕ್ಕೂ ಅಂಗೈಯಗಲ ಮಾತ್ರ. ಎರಡೂ ಪಕ್ಕ ಮೈ ಬಿಸಿಯಾಗಿ ಬೆವರುತ್ತಿತ್ತು. ಅವ್ವನೂ ಮುಟ್ಟಿ ಕೈ ಕಿತ್ತುಕೊಂಡಳು.

“ಅಯ್ಯೋ, ಇದೇನ್ಲಾ ಇಂಗೈತೆ, ಎಣದ ಮೈಯಿದ್ದಂಗೆ!”

“ಹಾಯಾಗೈತೆ. ಕೈ ತೆಗೀಬ್ಯಾಡ್ರಿ,” ಎಂದ ಅಣ್ಣ. ನಮ್ಮಿಬ್ಬರ ಕೈಗಳೂ ಆಗಲೇ ಹೊರಗಿದ್ದವು.

ಅಷ್ಟರಲ್ಲಿ ಅವನ ಬಲಗಾಲಿನ ಹೆಬ್ಬೆರಳು ಅಲುಗಿತು. ಒಮ್ಮೆಯಲ್ಲ, ಮೂರು ಸಲ. “ಜುಮ್ಮಂತೈತೆ,” ಎಂದ.

ಅವ್ವ ಓಡಿಹೋಗಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ನಮ್ಮಲ್ಲಿ ಬಿದ್ದವರಿಗೆ ಮೊದಲು ಕೊಡುವುದೇ ಈ ಶಾಖ. “ಮಡಗ್ಲೇನಮ್ಮಿ? ನೀನೇ ಹೇಳು, ಓದಿರೋಳು,” ಎಂದಳು. ನನಗೆ ಭಯವಾಗಿತ್ತು. ಮೈ ತಣ್ಣಗಾದರೆ ಜೀವಕ್ಕೆ ಅಪಾಯ, ಬೆಚ್ಚಗಿಡಬೇಕು ಎಂದೂ ಓದಿದ್ದೆ. ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ನಾನೇ ಅವನ ಸೊಂಟದಡಿ ತೂರಿಸಿದೆ.

ಕಾಲು ಗಂಟೆಯಲ್ಲಿ ಆ ತಂಪು ಹೋಯಿತು. ಹೆಬ್ಬೆರಳು ಮತ್ತೆ ಅಲುಗಲಿಲ್ಲ. ಅಪ್ಪ ಹಾಲಿನ ವ್ಯಾನು ಮಾಡಿಕೊಂಡು ಬಂದರು. ಅಣ್ಣನನ್ನು ಕದದ ಹಲಗೆಯ ಮೇಲೆ ಮಲಗಿಸಿ ಸಾಗಿಸಿದೆವು. ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸಿದಾಗ ಸೊಂಟದ ಮೇಲೆ ಬೊಬ್ಬೆ ಎದ್ದಿತ್ತು. ಉಪ್ಪು ಸುಟ್ಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಕೆಲವು ದಿನಗಳಾದ ಮೇಲೆ ವೈದ್ಯರನ್ನು ಒಬ್ಬಳೇ ಕಂಡು, ತಂಪು ಮಾಡಿದ್ದರೆ ಉಪಯೋಗವಾಗುತ್ತಿತ್ತೇ ಎಂದು ಕೇಳಿದೆ. ಅದಿನ್ನೂ ಪ್ರಾಣಿಗಳ ಮೇಲಿನ ಪ್ರಯೋಗ, ಮನುಷ್ಯರ ವಿಷಯದಲ್ಲಿ ಯಾರೂ ಖಚಿತವಾಗಿ ಹೇಳಲಾರರು, ನೀವು ಕೊರಗಬೇಡಿ ಎಂದರು. ಆ ಮಧ್ಯಾಹ್ನದ ತಂಪಿನ ವಿಷಯ ಅವರಿಗೆ ಹೇಳಲಿಲ್ಲ. ಹೇಗೆ ಹೇಳುವುದು?

ಅಣ್ಣ ನಾಲ್ಕು ವರ್ಷ ಮಲಗಿದ್ದ. ಬೆನ್ನಿನ ಹುಣ್ಣುಗಳು ಮಾಯಲೇ ಇಲ್ಲ. ತೀರಿಹೋಗುವ ಕೆಲವು ದಿನ ಮೊದಲು, ನಾನು ಹುಣ್ಣು ತೊಳೆಯುತ್ತಿದ್ದಾಗ, ಗೋಡೆಯ ಕಡೆ ಮುಖ ಮಾಡಿಯೇ ಕೇಳಿದ: “ಆವತ್ತು ಬೆನ್ನಿಗೆ ಕೈ ಕೊಟ್ಟೋರು ಯಾರಮ್ಮಣ್ಣಿ? ಇನ್ನೊಂದ್ ಗಳಿಗೆ ಇರ್ಲಿ ಅನ್ನಬಾರದಿತ್ತಾ?”

ಯಾರೂ ಇರಲಿಲ್ಲಣ್ಣ ಎಂದೆ.

ಅದು ಬರಿಯ ಭ್ರಮೆ ಎನ್ನೋಣವೆಂದರೆ ಅವ್ವನ ಕೈಗೂ ತಾಗಿತ್ತು. ನಿಜವೆನ್ನುವ ಧೈರ್ಯ ನನಗಿಲ್ಲ. ನಿಜವಾದರೆ ಅದನ್ನು ಓಡಿಸಿದವಳು ನಾನು.