ಏರಿಯಿಲ್ಲದ ಕೆರೆ

“ಅಪ್ಪಾ, ಇದಕ್ಕೆ ಏರಿ ಎಲ್ಲೈತೆ? ಒಡ್ಕೊಂಡ್‌ಬಿಟ್ರೆ?”

ರಾಮೇಶ್ವರದ ಕಡಲು ಕಂಡದ್ದೇ ತಡ, ನಾಲ್ಕು ವರ್ಷದ ಮಗಳು ನನ್ನ ಹೆಗಲಿನಿಂದ ಇಳಿಯಲು ಒಪ್ಪಲಿಲ್ಲ. ಹೊಸಕೋಟೆ ಕೆರೆಯ ಏರಿಯ ಮೇಲೆ ಆಡಿ ಬೆಳೆದ ಕೂಸು, ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವಳು ಮುಳುಗು ಹಾಕದೆ ನನ್ನಮ್ಮನ ಹರಕೆ ತೀರುವಂತಿರಲಿಲ್ಲ, ಸಂಜೆಗೆ ವಾಪಸು ರೈಲು. ಪುಷ್ಯದ ಚಳಿಗೆಂದು ಊರಿಂದ ತಂದ ಉಣ್ಣೆ ಟೋಪಿಗಳೊಳಗೆ ಇಡೀ ಸಂಸಾರ ಗಂಭೀರವಾಗಿ ಬೆವರುತ್ತ ನಿಂತಿತು.

“ಇಲ್ದಿದ್ರೇನೀಗ? ನಾವೇ ಹಾಕೋಣ ಬಾರೇ,” ಎಂದು ಅಮ್ಮ ಸೆರಗು ಸಿಕ್ಕಿಸಿ, ಮರಳಲ್ಲಿ ಕೂತು ಏರಿ ಕಟ್ಟತೊಡಗಿದಳು. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಎದ್ದು ಬಂದರು. ನಮ್ಮ ಭಾಷೆ ಅವರಿಗೆ ಬಾರದು. ಸುಮ್ಮನೆ ಎದುರಿಗೆ ಮೊಣಕಾಲೂರಿ ತಾವೂ ಮರಳು ಒಟ್ಟಿದರು. ಮಗಳು ಇಳಿದು ಬಂದು, ಇಂಜಿನಿಯರಂತೆ ಏರಿಯನ್ನು ತುಳಿದು ನೋಡಿದಳು.

ಅಷ್ಟರಲ್ಲಿ ಒಂದು ಅಲೆ ಏರಿಯ ಮೇಲೇ ಹರಿದು ಬಂತು. ಅವಳನ್ನು ಮತ್ತೆ ಹೆಗಲಿಗೆ ಎತ್ತಿಕೊಳ್ಳಲು ನಾನು ಕೈ ಚಾಚಿದೆ.

“ಅಜ್ಜೀ, ಕೋಡಿ ಬಿತ್ತು!”

ನಮ್ಮೂರಲ್ಲಿ ಕೆರೆ ತುಂಬಿ ಕೋಡಿ ಬಿದ್ದರೆ ಹಬ್ಬ. ಚಪ್ಪಾಳೆ ತಟ್ಟುತ್ತ ಅವಳೇ ನೀರಿಗೆ ಓಡಿದಳು.

ಈಗಲೂ ಮಾಗಿಯ ಮಂಜಿನಲ್ಲಿ ನಮ್ಮ ಕೆರೆಯ ಆಚೆ ದಡ ಕಾಣದಾದಾಗ, ಅಲ್ಲೆಲ್ಲೋ ಆ ಮುದುಕರು ಬಲೆ ಹೆಣೆಯುತ್ತ ಕೂತಿದ್ದಾರೆ ಅನ್ನಿಸುತ್ತದೆ.